ಬೆನ್ನಿನ ಮೇಲಣ ಮನೆಗೆ ತಕ್ಕ ಬಂಡಿ

ಅಮೆರಿಕದಲ್ಲಿ ನೆಲಸಿರುವ ನಮ್ಮ ವಾಚಕರೊಬ್ಬರು, ಪಿಕಪ್ ಲಾರಿಯ ತೊಟ್ಟಿಯಲ್ಲಿ ಇಳಿಸಿಡತಕ್ಕ ಬಿಡಾರವೊಂದನ್ನು ಕೊಂಡು ಮಡದಿಯೊಡನೆಯೂ ಇಬ್ಬರು ಮಕ್ಕಳೊಡನೆಯೂ ದೇಶಸಂಚಾರ ಮಾಡಬೇಕೆಂದಿರುವರು; ಎಂತಹ ಲಾರಿಯನ್ನು ಆರಿಸಬೇಕೆಂದು ನಮ್ಮನ್ನು ಕೇಳಿರುವರು. ಹಾಸಿಗೆ, ಒಲೆ, ನೀರಿನ ಪಾತ್ರೆಗಳೆಲ್ಲ ಅಡಕವಾಗಿರುವ ಈ ಪುಟ್ಟ ಮನೆಗೆ ಅಲ್ಲಿ ಟ್ರಕ್ ಕ್ಯಾಂಪರ್ ಎಂದು ಹೆಸರು.

ಮೊದಲು ಲಾರಿ, ಆಮೇಲೆ ಬಿಡಾರ ಎಂಬುದೇ ಬಹುಮಂದಿಯ ರೂಢಿ. ನಮಗೆ ಇದು ತಲೆಕೆಳಗಾಗಿ ತೋರುವುದು. ಕಾಲಿನ ಅಳತೆ ಕೊಟ್ಟಲ್ಲವೆ ಪಾದರಕ್ಷೆ ಮಾಡಿಸುವುದು?

ವ್ಯಾಪಾರಿಗಳು ಲಾರಿಯು ಇಷ್ಟು ಸಾವಿರ ಪೌಂಡು ಎಳೆಯಬಲ್ಲುದೆಂದು ಹೊಗಳುವರು. ಎಳೆಯುವ ಶಕ್ತಿ ಬೇರೆ, ಹೊರುವ ಶಕ್ತಿ ಬೇರೆ. ಚಾಲಕನ ಬಾಗಿಲು ತೆರೆದರೆ ಅದರ ಚೌಕಟ್ಟಿನಲ್ಲಿ ಹಳದಿ ಪಟ್ಟಿಯುಳ್ಳ ಚೀಟಿಯೊಂದು ಕಾಣುವುದು. ಜನರೂ ಸರಕೂ ಸೇರಿ ಇಷ್ಟು ತೂಕವನ್ನು ಮೀರಕೂಡದೆಂದು ಅದರಲ್ಲಿ ಬರೆದಿರುವುದು. ಒಂದೇ ಹೆಸರಿನ ಎರಡು ಲಾರಿಗಳಲ್ಲಿಯೂ ಈ ಅಂಕಿ ಬೇರೆಯಾಗಿರಬಹುದು. ಡೀಸೆಲ್ ಎಂಜಿನು, ಹಿಂದಿನ ಸಾಲಿನ ಆಸನ, ನಾಲ್ಕು ಚಕ್ರಗಳ ಚಾಲನೆ, ಒಂದೊಂದೂ ತನ್ನ ತೂಕವನ್ನು ಅದರಿಂದಲೇ ಕಳೆದುಕೊಳ್ಳುವುದು. ಚೀಟಿಯಿಲ್ಲದ ಭಾರಿ ಲಾರಿಗಳಲ್ಲಿ ಒಟ್ಟು ತೂಕದ ಮಿತಿಯಿಂದ ಬರಿಯ ಲಾರಿಯ ತೂಕವನ್ನು ಕಳೆದು ನೋಡತಕ್ಕದ್ದು.

ಈಗ ಲೆಕ್ಕ ಹಾಕೋಣ. ಬಿಡಾರದ ತೂಕ 2,500 ಪೌಂಡೆಂದು ಅಚ್ಚಾಗಿದೆಯೆನ್ನಿ. ಅದು ಸಾಮಾನ್ಯವಾಗಿ ನೀರಿಲ್ಲದ ಬರಿಯ ತೂಕ. ಅಮೆರಿಕದ ಗ್ಯಾಲನ್ ಒಂದಕ್ಕೆ ನೀರು ಸುಮಾರು 8.3 ಪೌಂಡು, 30 ಗ್ಯಾಲನ್ನಿಗೆ 250. ಗ್ಯಾಸು, ಬ್ಯಾಟರಿ, ಪಾತ್ರೆಪಡಗ, ಹಾಸಿಗೆ, ದವಸಧಾನ್ಯಗಳಿಗೆ 500. ನಾಲ್ವರು ಜನರಿಗೆ ಇನ್ನೊಂದು 500. ಒಟ್ಟು 3,750 ಪೌಂಡು! ನಮ್ಮ ಗೃಹಿಣಿಯರು ಒರಳುಕಲ್ಲನ್ನು ಬಿಟ್ಟು ಹೊರಡುವರೆಂದೇ ನಂಬಿ ಈ ಲೆಕ್ಕ. ಅರ್ಧ ಟನ್ನಿನದೆಂದು ಕರೆಯುವ ಅನೇಕ ಲಾರಿಗಳ ಚೀಟಿಯಲ್ಲಿ 2,000 ಸಹ ಇರದು. ಮುಕ್ಕಾಲು ಟನ್ನಿನದೂ ಡೀಸೆಲ್ಲಾದರೆ ಬಹುಮಟ್ಟಿಗೆ ಸಾಲದು. ಒಂದು ಟನ್ನಿನ ದರ್ಜೆಯದನ್ನು, ಸಾಧ್ಯವಾದರೆ ಹಿಂದೆ ಜೋಡಿಚಕ್ರಗಳುಳ್ಳದನ್ನು, ನೋಡುವುದು ಲೇಸು.

ಎತ್ತಿನ ಬಂಡಿ ಹೂಡಿದವರು ಮುಂಭಾರ ಹಿಂಭಾರಗಳನ್ನು ಬಲ್ಲರು. ಹಿಂದೆ ಭಾರ ಹೆಚ್ಚಿದರೆ ನೊಗವೆದ್ದು ಎತ್ತಿನ ಕೊರಳು ಬಿಗಿಯುವುದು. ಇಲ್ಲಿಯೂ ಬಿಡಾರದ ಭಾರಕೇಂದ್ರವು ಹಿಂದಿನ ಅಚ್ಚಿಗಿಂತ ಮುಂದೆಯೇ ಬೀಳಬೇಕು. ಇಲ್ಲವಾದರೆ ಮುಂದಿನ ಚಕ್ರಗಳು ಹಗುರಾಗಿ ಹಿಡಿತ ತಪ್ಪುವುದು. ಆದುದರಿಂದ ಎಂಟು ಅಡಿಯ ತೊಟ್ಟಿಗೆಂದು ಮಾಡಿದ ಬಿಡಾರವನ್ನು ಗಿಡ್ಡ ತೊಟ್ಟಿಯಲ್ಲಿಡುವ ಮುನ್ನ ತಯಾರಕರ ಸೂಚನೆಯನ್ನು ಓದಬೇಕು.

ಹಿಂಭಾಗ ಕುಸಿದರೆ ಗಾಳಿಚೀಲ ಹಾಕಿಸಿದರಾಯಿತೆನ್ನುವವರುಂಟು. ಅವು ಲಾರಿಯನ್ನು ಮಟ್ಟಸವಾಗಿ ನಿಲ್ಲಿಸುವುವು. ಅಚ್ಚು, ಟೈರು, ಬ್ರೇಕುಗಳ ಶಕ್ತಿಯನ್ನು ಹೆಚ್ಚಿಸವು. ರಾಕಿ ಪರ್ವತದ ಇಳಿಜಾರಿನಲ್ಲಿ, ಹಿಂದಿನ ಆಸನದಲ್ಲಿ ಮಕ್ಕಳು ನಿದ್ರಿಸುತ್ತಿರುವಾಗ, ಬ್ರೇಕು ಕಾದು ಹಿಡಿಯದೆಹೋದರೆ ಗತಿಯೇನು?

ಹೆದ್ದಾರಿಯ ಅನೇಕ ಲಾರಿ ತಂಗುದಾಣಗಳಲ್ಲಿ ಅಲ್ಪ ಶುಲ್ಕಕ್ಕೆ ಒಂದೊಂದು ಅಚ್ಚಿನ ಭಾರವನ್ನೂ ತೂಗಿ ಕೊಡುವರು. ಸಂಸಾರಸಮೇತರಾಗಿ, ನೀರು ತುಂಬಿಸಿ ತೂಗಿಸಲಿ. ದೊಡ್ಡ ಲಾರಿಗೆ ಹಣ ಸಾಲದಿದ್ದರೆ ಸ್ನಾನಗೃಹವಿಲ್ಲದ, ಛಾವಣಿ ಮಡಿಸತಕ್ಕ ಹಗುರ ಬಿಡಾರವುಂಟು. ಅದರ ತೂಕವನ್ನೂ ಮೇಲಿನ ರೀತಿಯಲ್ಲಿಯೇ ಕೂಡಿ ನೋಡಿ ಕೊಳ್ಳಲಿ. ನಾಲ್ವರಿಗೆ ತುಸು ಇಕ್ಕಟ್ಟಾದೀತು.