ಜೋಳವಾಳಿ ಮತ್ತು ಸೇನಾವೈದ್ಯರ ಸಂಬಳ

ಪಂಪಭಾರತದ ತರಗತಿಯಲ್ಲಿ ‘ಜೋಳವಾಳಿ’ ಎಂಬ ಮಾತು ಬಂದೊಡನೆ ನಾವು ಕರ್ಣನನ್ನು ನೆನೆಯುತ್ತೇವೆ. ಉಂಡ ಅನ್ನದ ಋಣಕ್ಕಾಗಿ ಪ್ರಾಣ ತೆತ್ತವನ ದೊಡ್ಡತನ ನಮಗೆ ಕಾಣುತ್ತದೆ; ಜೋಳವನ್ನು ಅಳೆದುಕೊಡಬೇಕಾದ ಒಡೆಯನ ಹೊಣೆ ಅಷ್ಟಾಗಿ ಕಾಣುವುದಿಲ್ಲ. ಶಾಸನಗಳನ್ನು ಬರೆಸಿದವರಿಗೆ ಅದು ಚೆನ್ನಾಗಿ ತಿಳಿದಿತ್ತು. ಬಾಳ್ಗಚ್ಚು, ನೆತ್ತರುಗೊಡಗೆ, ಕಲ್ನಾಡು ಎಂದು ಭೂಮಿ ಬಿಟ್ಟುಕೊಟ್ಟ ವಿವರ ಎಷ್ಟೋ ವೀರಗಲ್ಲುಗಳಲ್ಲಿ ವೀರನ ಹೆಸರಿನ ಜೊತೆಗೇ ಇದೆ.

ಇದೆಲ್ಲ ನೆನಪಾದುದು ನಮ್ಮ ಸೇನಾವೈದ್ಯರ ವಿಷಯವಾಗಿ. ಪುಣೆಯಲ್ಲಿ 1948ರಲ್ಲಿ ಸ್ಥಾಪಿತವಾದ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಓದಿದವರು ಕನಿಷ್ಠ 7 ವರ್ಷ ಸೇನೆಯಲ್ಲಿ ದುಡಿಯಬೇಕು. ಒಲ್ಲೆನೆಂದವರು ಬಾಂಡಿನ ಹಣ ಕಟ್ಟಬೇಕು. ಬೇರೆಡೆ ಓದಿ ಬರುವವರಿಗೆ 5 ವರ್ಷಗಳ ಅಲ್ಪಾವಧಿ ಸೇವೆಯುಂಟು, ಅದು 14 ವರ್ಷದವರೆಗೆ ಬೆಳೆಯಬಹುದು. ಏಳನೆಯ ವೇತನ ಆಯೋಗದ ಲೆಕ್ಕದಲ್ಲಿ ಕ್ಯಾಪ್ಟನ್ ದರ್ಜೆಯ ಆರಂಭದ ಮೂಲವೇತನ 61,300 ರೂಪಾಯಿ. ಖಾಸಗಿ ವೃತ್ತಿ ನಡೆಸದಿರುವುದಕ್ಕಾಗಿ ಅದರ ಶೇ. 20, ಅಂದರೆ 12,260. ಸೇನಾಸೇವಾ ವೇತನ 15,500. ತುಟ್ಟಿಭತ್ಯೆ ಬೇರೆ. ಆಗತಾನೆ ಎಂ.ಬಿ.ಬಿ.ಎಸ್. ಮುಗಿಸಿದವರಿಗೆ ಇದು ಕಡಿಮೆಯಲ್ಲ, ಒಪ್ಪಬೇಕು.

ತೊಡಕು ಇರುವುದು ಮುಂದೆ. ಹತ್ತು ಹನ್ನೆರಡು ವರ್ಷಗಳಲ್ಲಿ ಆ ಹುಡುಗ ಶಸ್ತ್ರಚಿಕಿತ್ಸಕನೋ ಅರಿವಳಿಕೆ ತಜ್ಞನೋ ಆಗಿರುತ್ತಾನೆ. ನಗರದ ಆಸ್ಪತ್ರೆಗಳು ಕರೆಯುತ್ತವೆ. ಇತ್ತ ಸೇನಾಸೇವಾ ವೇತನ ಕ್ಯಾಪ್ಟನ್ನನಿಗೂ ಬ್ರಿಗೇಡಿಯರನಿಗೂ ಒಂದೇ 15,500. ವೃತ್ತಿನಿಷೇಧದ ಭತ್ಯೆಯನ್ನಂತೂ ಇದೇ ಆಯೋಗದ ಕಾಲದಲ್ಲಿ ಶೇ. 25ರಿಂದ 20ಕ್ಕೆ ಇಳಿಸಲಾಯಿತು. ಮೇಲಿಂದ ಮೇಲೆ ವರ್ಗಾವಣೆ. ಮಡದಿಯೂ ವೈದ್ಯೆಯಾಗಿದ್ದರೆ ಅವಳ ವೃತ್ತಿ ಪ್ರತಿ ಸಲವೂ ಬೇರು ಕೀಳಬೇಕು. ಹಣಕ್ಕಿಂತ ಹೆಚ್ಚು ಕಾಡುವ ಸಂಗತಿ ಇನ್ನೊಂದಿದೆ: ದೂರದ ಸಣ್ಣ ನೆಲೆಯಲ್ಲಿ ಆರೋಗ್ಯವಂತ ತರುಣರೇ ತುಂಬಿರುವಾಗ ಶಸ್ತ್ರಚಿಕಿತ್ಸಕನ ಕೈಗೆ ಕೆಲಸ ಸಾಲದೆ ಕಲಿತ ವಿದ್ಯೆ ತುಕ್ಕು ಹಿಡಿಯುತ್ತದೆ.

ಬಾಂಡನ್ನು ಬಿಗಿಗೊಳಿಸಿದರೆ ಸಾಕೆಂಬ ವಾದ ನನಗೆ ಒಪ್ಪಿಗೆಯಿಲ್ಲ. ಎಷ್ಟೇ ಬಿಗಿದರೂ ಬಾಂಡು ಒಂದು ದಿನ ಮುಗಿಯುತ್ತದೆ. ಆ ಹೊತ್ತಿಗೆ ವೈದ್ಯನ ಕೈ ಪಳಗಿರುತ್ತದೆ. ನಾವು ಹಿಡಿದಿಟ್ಟುಕೊಳ್ಳುವುದು ಎಳೆಯನನ್ನು, ಕಳೆದುಕೊಳ್ಳುವುದು ಪಳಗಿದವನನ್ನು. ‘ಸೇವೆ’ ಎಂಬ ಸುಂದರವಾದ ಪದವನ್ನು ಸಂಬಳದ ಮಾತು ಬಂದಾಗಲೆಲ್ಲ ಅಡ್ಡ ಹಿಡಿಯುವ ಅಭ್ಯಾಸವನ್ನಾದರೂ, ಭಾಷೆಯ ವಿದ್ಯಾರ್ಥಿಗಳಾದ ನಾವು ಸಂಶಯದಿಂದ ನೋಡಬೇಕು. (ಅತಿಥಿ ಉಪನ್ಯಾಸಕರಿಗೂ ಈ ಪದದ ಪರಿಚಯ ಚೆನ್ನಾಗಿದೆ!)

ಐಚ್ಛಿಕ ಕನ್ನಡದವರಿಗೆ ಇದೇಕೆ ಎಂದು ಯಾರಾದರೂ ಕೇಳಿಯಾರು. ವೈದ್ಯನು ಗಡಿಯಾಚೆ ಉಳಿದರೆ ಏನಾಗುತ್ತದೆಂಬುದನ್ನು ಕಾಸರಗೋಡಿನವರಿಗೆ ಹೇಳಿಕೊಡಬೇಕಾಗಿಲ್ಲ. 2020ರಲ್ಲಿ ತಲಪಾಡಿಯ ದಾರಿ ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ರೋಗಿಗಳು ಪಟ್ಟ ಪಾಡನ್ನು ಕಂಡಿದ್ದೇವೆ. ನಮ್ಮ ದಾರಿ ಮತ್ತೆ ತೆರೆಯಿತು. ಹಿಮದ ನೆಲೆಯಲ್ಲಿ ಗಾಯಗೊಂಡ ಸೈನಿಕನಿಗಾದರೋ ಪಕ್ಕದ ಊರಿನ ಆಸ್ಪತ್ರೆಯೆಂಬುದೇ ಇಲ್ಲ.

ವೃತ್ತಿನಿಷೇಧದ ಭತ್ಯೆ ಮೊದಲಿನ ಶೇ. 25ಕ್ಕೆ ಮರಳಲಿ, ತಜ್ಞರಿಗೆ ಸೇವಾವಧಿಯೊಂದಿಗೆ ಏರುವ ಪ್ರತ್ಯೇಕ ಭತ್ಯೆ ಬರಲಿ. ಗಡಿನೆಲೆಯಲ್ಲಿ ದುಡಿದವರನ್ನು ಮರುಅವಧಿಗೆ ದೊಡ್ಡ ಆಸ್ಪತ್ರೆಗೆ ಕಳುಹಿಸುವುದು ಕೃಪೆಯಾಗಿರದೆ ನಿಯಮವಾಗಲಿ. ಇದಕ್ಕೆ ತಗಲುವ ವೆಚ್ಚವನ್ನು ಲೆಕ್ಕ ಹಾಕುವವರು, ಬಿಟ್ಟುಹೋದ ಒಬ್ಬ ಶಸ್ತ್ರಚಿಕಿತ್ಸಕನ ಜಾಗಕ್ಕೆ ಇನ್ನೊಬ್ಬನನ್ನು ತಯಾರು ಮಾಡಲು ಬೇಕಾದ ಹತ್ತು ವರ್ಷಗಳನ್ನೂ ಅದೇ ಪಟ್ಟಿಯಲ್ಲಿ ಬರೆದುಕೊಳ್ಳಲಿ.