ಎರಡು ಕಿಲ್‌ಮೋರ್, ಒಂದೇ ಕಾಗುಣಿತ

ನಜೀರ್ ಎಂಬ ಹೆಸರನ್ನು ಉರ್ದುವಿನಲ್ಲಿ ಎರಡು ರೀತಿ ಬರೆಯಬಹುದು. ಝಾಲ್ ಅಕ್ಷರದಲ್ಲಿ ಬರೆದರೆ ‘ಎಚ್ಚರಿಸುವವನು’, ಝೋಯ್ ಅಕ್ಷರದಲ್ಲಿ ಬರೆದರೆ ‘ಸಾಟಿ, ಸಮಾನ’. ನಮ್ಮ ಹಾಜರಿ ಪುಸ್ತಕದಲ್ಲಿ ಎರಡೂ ಒಂದೇ. ಇದರಿಂದ ದೊಡ್ಡ ನಷ್ಟವೇನಿಲ್ಲ, ಮನೆಯಲ್ಲಿ ಕೇಳಿದರೆ ಹೇಳುತ್ತಾರೆ. ಆದರೆ ಒಂದು ಊರಿನ ಹೆಸರಿಗೆ ಹೀಗಾಗಿ, ಆ ಊರಿನವರೇ ಹಳೆಯ ಭಾಷೆಯನ್ನು ಮರೆತರೆ ಯಾರನ್ನು ಕೇಳುವುದು?

ಐರ್ಲೆಂಡಿನಲ್ಲಿ ಆದದ್ದು ಇದೇ. ಅಲ್ಲಿನ ಗೇಲಿಕ್ ಭಾಷೆಯಲ್ಲಿ, ಅಂದರೆ ಐರಿಷ್‌ನಲ್ಲಿ, ‘ಕಿಲ್’ ಎಂದರೆ ಚರ್ಚು. ಸುಮಾರಾಗಿ ಅದೇ ಸದ್ದಿನ ಇನ್ನೊಂದು ಪದಕ್ಕೆ ಕಾಡು ಎಂದರ್ಥ. ಮೊದಲನೆಯದರ ಸ್ಪೆಲಿಂಗ್ ಸಿ, ಐ, ಎಲ್, ಎಲ್. ಎರಡನೆಯದರಲ್ಲಿ ಸಿ ಆದ ಮೇಲೆ ಒಂದು ಓ ಇದೆ. ಉಚ್ಚಾರದಲ್ಲಿ ಒಂದು ತೆಳು ಕ, ಇನ್ನೊಂದು ದಪ್ಪ ಕ. ನನಗಂತೂ ಅರಬ್ಬಿಯ ಎರಡು ಕಾಫ್‌ಗಳು ನೆನಪಾದವು (ನೋಡಿ, ಕನ್ನಡದಲ್ಲಿ ಅವನ್ನೂ ಬೇರೆಬೇರೆಯಾಗಿ ಬರೆಯಲು ಆಗುತ್ತಿಲ್ಲ). ಇಂಗ್ಲಿಷಿಗೆ ಬಂದಾಗ ಎರಡೂ ‘ಕಿಲ್’ ಆದವು. ಹೀಗಾಗಿ ನಕ್ಷೆಯಲ್ಲಿ ಕಿಲ್‌ಮೋರ್ ಎಂದಿದ್ದರೆ ಅದು ದೊಡ್ಡ ಚರ್ಚೋ ದೊಡ್ಡ ಕಾಡೋ ಗೊತ್ತಾಗುವುದಿಲ್ಲ. ಎರಡೂ ಅರ್ಥದ ಕಿಲ್‌ಮೋರ್‌ಗಳು ಆ ದೇಶದಲ್ಲಿವೆ. ಕಾಡು ಕಡಿದು ಎಷ್ಟೋ ಕಾಲವಾದ ಕಡೆ, ಅಲ್ಲಿ ಕಾಡಿತ್ತು ಎನ್ನುವುದಕ್ಕೆ ಹೆಸರಿನ ಆ ‘ಓ’ ಒಂದೇ ಸಾಕ್ಷಿ.

ಬ್ರಿಟಿಷರ ಆರ್ಡ್‌ನೆನ್ಸ್ ಸರ್ವೆ 1824ರಲ್ಲಿ ಐರ್ಲೆಂಡನ್ನು ಅಳೆಯಲು ಶುರುಮಾಡಿತು. ಅಲ್ಲಿ ಟೌನ್‌ಲ್ಯಾಂಡ್ ಎಂಬ ಸಣ್ಣ ಸಣ್ಣ ಭೂಭಾಗಗಳು 60 ಸಾವಿರಕ್ಕೂ ಹೆಚ್ಚಿವೆ. ಪ್ರತಿಯೊಂದಕ್ಕೂ ನಕ್ಷೆಗೆ ಒಂದು ಇಂಗ್ಲಿಷ್ ಸ್ಪೆಲಿಂಗ್ ಬೇಕಾಯಿತು. ಪರಕೀಯರು ಬಂದು ಹೆಸರು ಕೆಡಿಸಿದರು ಎಂದು ಇಲ್ಲಿಗೇ ಮುಗಿಸಬಹುದಿತ್ತು, ನಾನೂ ಮೊದಲು ಹಾಗೇ ಬರೆದಿದ್ದೆ. ಆದರೆ ಅದು ಪೂರ್ತಿ ನ್ಯಾಯವಲ್ಲ. ಅನೇಕ ಹೆಸರುಗಳು ಅದಕ್ಕೂ ಮೊದಲೇ ಇಂಗ್ಲಿಷ್ ರೂಪ ಪಡೆದಿದ್ದವು. ಜೊತೆಗೆ, 1830ರಲ್ಲಿ ಸರ್ವೆಗೆ ಸೇರಿದ ಐರಿಷ್ ವಿದ್ವಾಂಸ ಜಾನ್ ಓ’ಡೊನೊವನ್ ಊರೂರು ಸುತ್ತಿ, ಐರಿಷ್ ಮಾತಾಡುವ ಹಿರಿಯರ ಬಾಯಿಂದ ಹೆಸರು ಕೇಳಿ, ಮೂಲ ರೂಪವನ್ನೂ ಅರ್ಥವನ್ನೂ ಬರೆದಿಟ್ಟರು. ನಕ್ಷೆಯಲ್ಲಿ ಇಂಗ್ಲಿಷ್ ರೂಪ ಅಚ್ಚಾಯಿತು, ಮೂಲ ರೂಪ ಟಿಪ್ಪಣಿ ಪುಸ್ತಕದಲ್ಲಿ ಉಳಿಯಿತು. ಇಂದು ಯಾವ ಕಿಲ್‌ಮೋರ್ ಯಾವುದು ಎಂದು ತೀರ್ಮಾನಿಸಲು ಆ ಟಿಪ್ಪಣಿಗಳೂ ಬೇಕಾಗುತ್ತವೆ.

ಇಂದಿನ ರಸ್ತೆ ಫಲಕಗಳಲ್ಲಿ ಮೇಲೆ ಐರಿಷ್, ಕೆಳಗೆ ಇಂಗ್ಲಿಷ್ ಇರುತ್ತದೆ. ಓದಲು ಬಾರದ ಉದ್ದನೆಯ ಸ್ಪೆಲಿಂಗ್ ಯಾತಕ್ಕೆ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಸ್ಪೆಲಿಂಗ್ ಸುಲಭ ಮಾಡಿದರೆ ಕಾಡು ಯಾವುದು, ಚರ್ಚು ಯಾವುದು ಎಂಬುದು ಹೋಗುತ್ತದೆ.

ಹಾಗೆಂದು ಮೂಲ ಹೆಸರನ್ನು ಜನರ ಮೇಲೆ ಹೇರುವುದನ್ನೂ ನಾನು ಒಪ್ಪುವುದಿಲ್ಲ. ಕೆರ್ರಿ ಜಿಲ್ಲೆಯ ಡಿಂಗಲ್ ಐರಿಷ್ ಮಾತಾಡುವ ಪ್ರದೇಶದಲ್ಲಿದೆ. 2005ರಲ್ಲಿ ಸರ್ಕಾರಿ ಆದೇಶದಿಂದ ‘ಡಿಂಗಲ್’ ಅಧಿಕೃತ ಮಾನ್ಯತೆ ಕಳೆದುಕೊಂಡು, ಊರು ‘ಅನ್ ಡ್ಯಾಂಗನ್’ ಎಂದಾಯಿತು. ಅರ್ಥ, ಕೋಟೆ. ಪ್ರವಾಸಿಗರನ್ನು ನಂಬಿದ ಊರು ಗಾಬರಿಯಾಯಿತು. ಆಫಲಿ ಜಿಲ್ಲೆಯಲ್ಲೂ ಒಂದು ಡ್ಯಾಂಗನ್ ಇರುವುದರಿಂದ ಗೊಂದಲ ಬೇರೆ. 2006ರಲ್ಲಿ ಊರಿನವರು ಭಾರೀ ಬಹುಮತದಿಂದ ಎರಡು ಹೆಸರು ಬೇಕೆಂದು ಮತ ಹಾಕಿದರು: ಇಂಗ್ಲಿಷಿನಲ್ಲಿ ಡಿಂಗಲ್, ಐರಿಷ್‌ನಲ್ಲಿ ತಾವು ಬಲ್ಲ ಉದ್ದ ಹೆಸರು ‘ಡ್ಯಾಂಗನ್ ಈ ಖೂಶ್’. ಗಮನಿಸಿ, ಅವರು ಐರಿಷ್ ಬೇಡ ಎನ್ನಲಿಲ್ಲ, ಸರ್ಕಾರ ಕೊಟ್ಟದ್ದಕ್ಕಿಂತ ಪೂರ್ಣವಾದ ಐರಿಷ್ ಹೆಸರನ್ನೇ ಕೇಳಿದರು. ಕಾನೂನು ಅದನ್ನು ಒಪ್ಪಿದ್ದು 2011ರಲ್ಲಿ.