ಒಂದು ಗಂಟೆಯ ಹಾರಾಟ, ಏಳು ಗಂಟೆಯ ಪ್ರಯಾಣ

ಮಂಗಳೂರಿನಿಂದ ಬೆಂಗಳೂರಿಗೆ ವಿಮಾನದಲ್ಲಿ ಒಂದು ಗಂಟೆಯ ದಾರಿ ಎನ್ನುತ್ತಾರೆ. ಬಜ್ಪೆಯಿಂದ ದೇವನಹಳ್ಳಿಗೆ ನೇರ ಗೆರೆ ಎಳೆದು ಅಳೆದರೆ ಸುಮಾರು 305 ಕಿಲೋಮೀಟರ್. ಎರಡೂ ಸರಿಯಾದ ಸಂಖ್ಯೆಗಳೇ. ಆದರೆ ಬೈಂದೂರಿನವರು ಯಾರೂ ಬಜ್ಪೆಯ ರನ್‌ವೇ ಮೇಲೆ ವಾಸಿಸುವುದಿಲ್ಲವಲ್ಲ!

ಲೆಕ್ಕ ಹಾಕಿ ನೋಡೋಣ. ಬೈಂದೂರಿನಿಂದ ಹೆದ್ದಾರಿ 66ರಲ್ಲಿ ಬಜ್ಪೆ ತಲುಪಲು ಎರಡೂವರೆ ಗಂಟೆ. ತಪಾಸಣೆಗೆಂದು ಒಂದೂವರೆ ಗಂಟೆ ಮೊದಲೇ ಅಲ್ಲಿರಬೇಕು. ಹಾರಾಟಕ್ಕೆ ಒಂದು ಗಂಟೆ, ಇಳಿದು ಸಾಮಾನು ಪಡೆಯಲು ಅರ್ಧ ಗಂಟೆ, ದೇವನಹಳ್ಳಿಯಿಂದ ನಗರದೊಳಗೆ ಮತ್ತೆ ಒಂದೂವರೆ ಗಂಟೆ. ಒಟ್ಟು ಏಳು. ರಾತ್ರಿ ಬಸ್ಸು ಇದಕ್ಕಿಂತ ಎರಡು ಮೂರು ಗಂಟೆ ಹೆಚ್ಚು ತೆಗೆದುಕೊಳ್ಳುತ್ತದೆ, ಆದರೆ ಅಷ್ಟರಲ್ಲಿ ಒಂದು ನಿದ್ದೆ ಮುಗಿದಿರುತ್ತದೆ. ಮಣ್ಣಿನ ಮಾದರಿಗಳ ಚೀಲ ಹಿಡಿದು ಜುಲೈ ತಿಂಗಳಲ್ಲಿ ವಿಮಾನಕ್ಕೆ ಹೊರಟ ನಾನು ಮಂಜು ಸರಿಯಲೆಂದು ಮೂರು ಗಂಟೆ ಕಾದದ್ದೂ ಉಂಟು. ತಪ್ಪು ಯಾರದೂ ಅಲ್ಲ, ಮಳೆಗಾಲದ್ದು.

2023ರ ಫೆಬ್ರುವರಿಯಲ್ಲಿ ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಭೂಪಟದಲ್ಲಿ ಬೈಂದೂರಿನಿಂದ ಬಜ್ಪೆಗೂ ಸೋಗಾನೆಗೂ ನೇರ ದೂರ ಹೆಚ್ಚುಕಡಿಮೆ ಸಮ, 105 ಕಿಲೋಮೀಟರಿನ ಆಸುಪಾಸು. ಆದರೆ ಸೋಗಾನೆಯ ದಾರಿಯಲ್ಲಿ ಕೊಲ್ಲೂರಿನ ಕಾಡಿದೆ, ನಾಗೋಡಿ ಘಾಟಿಯಿದೆ. ಈ ಗೆರೆಯನ್ನು ನೆಲದ ಮೇಲೂ ನೇರ ಮಾಡಬೇಕೆಂಬ ಆಸೆ ಹುಟ್ಟುವುದು ಇಲ್ಲಿಯೇ. ಒಂದೋ ಘಾಟಿಯನ್ನು ಅಗಲಗೊಳಿಸಿ, ಇಲ್ಲವೇ ಬೈಂದೂರಿಗೇ ಒಂದು ವಿಮಾನ ನಿಲ್ದಾಣ ಕೊಡಿ ಎಂಬ ಮಾತು ಕೇಳಿಬರುತ್ತಿದೆ.

ಘಾಟಿಯ ತಿರುವುಗಳು ಇಂಜಿನಿಯರರ ಸೋಮಾರಿತನದಿಂದ ಆದವಲ್ಲ; ಇಳಿಜಾರು ಕೇಳಿದ್ದನ್ನು ರಸ್ತೆ ಕೊಟ್ಟಿದೆ. ಅದರ ಬುಡ ಕಡಿದರೆ, ಆಷಾಢದ ಮಳೆಯಲ್ಲಿ ನೀರು ಕುಡಿದು ಭಾರವಾದ ಮಣ್ಣು ಕೆಳಗಿಳಿಯುತ್ತದೆ. ಕೊಡಚಾದ್ರಿಯ ತಪ್ಪಲಲ್ಲಿ ಹುಟ್ಟುವ ಸೌಪರ್ಣಿಕೆ ಆ ಮಣ್ಣನ್ನು ಹೊತ್ತು ಮರವಂತೆಯತ್ತ ಸಾಗುತ್ತಾಳೆ. ಬೇಸಿಗೆಯಲ್ಲಿ ಹೊಳೆಯ ಸಿಹಿನೀರು ತಗ್ಗಿದಷ್ಟೂ ಕಡಲಿನ ಉಪ್ಪು ಗದ್ದೆಯತ್ತ ಏರುತ್ತದೆ. ಇನ್ನು ನಿಲ್ದಾಣಕ್ಕೆ ಬೇಕಾದ ಸಮತಟ್ಟು ಜಾಗ? ಕರಾವಳಿಯಲ್ಲಿ ಅದು ಹೆಚ್ಚಾಗಿ ಮುರಕಲ್ಲಿನ ಹರಹು. ನೋಡುವವರಿಗೆ ಬರಡು, ಆದರೆ ಮಳೆನೀರನ್ನು ಹೀರಿ ತಗ್ಗಿನ ಬಾವಿಗಳಿಗೆ ಉಣಿಸುವುದು ಅದೇ. ಅದರ ಮೇಲೆ ಕಾಂಕ್ರೀಟು ಹಾಸಿದ ಮೇಲೆ ಆ ಬಾವಿಗಳ ಗತಿಯೇನು?

ಕೊಲ್ಲಿ ದೇಶಗಳಲ್ಲಿ ದುಡಿಯುವ ಮಕ್ಕಳಿರುವ ಕುಂದಾಪುರದ ಮನೆಗಳಿಗೆ ವಿಮಾನ ವಿಲಾಸವಲ್ಲ, ಒಪ್ಪುತ್ತೇನೆ. ಆದರೆ ಬೈಂದೂರಿನಿಂದ ಹೊರಟವನ ಏಳು ಗಂಟೆಯಲ್ಲಿ ಆರು ಗಂಟೆ ಕಳೆಯುವುದು ನೆಲದ ಮೇಲೆಯೇ, ಉಳಿಸಬೇಕಾದದ್ದೂ ಅಲ್ಲಿಯೇ. ಇದು ಶಂಕರಪುರದ ಮಲ್ಲಿಗೆ ಬೆಳೆಗಾರರಿಗೆ ಚೆನ್ನಾಗಿ ಗೊತ್ತು. ಬಜ್ಪೆಯಿಂದ ಮುಂಬಯಿಗೆ ಹಾರುವ ಮೊಗ್ಗು ಬಾಡದಿರುವುದು ನಸುಕಿನ ಕೊಯ್ಲಿನಿಂದ, ಬೇಗನೆ ಕಟ್ಟುವ ಕೈಗಳಿಂದ, ಹೊತ್ತಿಗೆ ಸರಿಯಾಗಿ ಬರುವ ವ್ಯಾನಿನಿಂದ.

ನಮಗೂ ಅಂಥ ವ್ಯಾನು ಬೇಕು. ಬೈಂದೂರು, ಕುಂದಾಪುರ, ಬಾರ್ಕೂರುಗಳಲ್ಲಿ ಕೊಂಕಣ ರೈಲ್ವೆಯ ನಿಲ್ದಾಣಗಳಿವೆ. ಅದೇ ಹಳಿ ಸುರತ್ಕಲ್ಲಿಗೆ ಹೋಗುತ್ತದೆ. ವಿಮಾನದ ಹೊತ್ತಿಗೆ ಹೊಂದುವ ಒಂದು ರೈಲು, ಸುರತ್ಕಲ್ಲಿನಲ್ಲಿ ಆ ರೈಲಿಗಾಗಿ ಕಾದು ಬಜ್ಪೆಗೆ ಹೊರಡುವ ಒಂದು ಬಸ್ಸು. ಇದಕ್ಕೆ ಮರ ಕಡಿಯಬೇಕಿಲ್ಲ, ಭೂಸ್ವಾಧೀನವೂ ಬೇಕಿಲ್ಲ. ಬೈಂದೂರು, ಕುಂದಾಪುರ, ಬ್ರಹ್ಮಾವರ ತಾಲೂಕುಗಳ ಗ್ರಾಮಸಭೆಗಳು ಮೊದಲು ಈ ಬೇಡಿಕೆಯ ಠರಾವು ಮಾಡಿ ರೈಲ್ವೆಗೂ ಸಾರಿಗೆ ಇಲಾಖೆಗೂ ಕಳುಹಿಸಲಿ.